ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ವಿದ್ಯಾಭ್ಯಾಸದ ಸೋಪಾನ: ಒಂದು ಐತಿಹಾಸಿಕ ವಿವೇಚನೆ

೧

ವಿದ್ಯಾಭ್ಯಾಸದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಎರಡು ಬಗೆಯ ಸಂಗತಿಗಳಿಗೆ ಹೆಚ್ಚಿನ ಬೆಲೆಯನ್ನು ಕೊಡುತ್ತಾರೆ. ಅರಸರು ಮತ್ತು ದಂಡನಾಯಕರು ಅಗ್ರಹಾರ, ಘಟಿಕಾಸ್ಥಾನ, ಮದರಸಾಗಳಿಗೆ ಕೊಟ್ಟ ದಾನದತ್ತಿಗಳು ಮೊದಲನೆಯವು. ಆಧುನಿಕ ಕಾಲದಲ್ಲಿ ಸ್ಥಾಪಿತವಾದ ಕಾಲೇಜು, ವಿಶ್ವವಿದ್ಯಾನಿಲಯಗಳು ಎರಡನೆಯವು. ಇವೆರಡರ ನಡುವೆ ಒಂದು ಹಳ್ಳಿಯ ಬಾಲಕನಾಗಲಿ ಬಾಲಕಿಯಾಗಲಿ ಅಕ್ಷರಾಭ್ಯಾಸದಿಂದ ಮೊದಲು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಎಲ್ಲಿಯವರೆಗೆ ಏರಿಹೋಗಲು ಸಾಧ್ಯವಿದ್ದಿತು, ಯಾವ ಮೆಟ್ಟಿಲಿನಲ್ಲಿ ನಿಲ್ಲಬೇಕಾಗುತ್ತಿತ್ತು, ಏತಕ್ಕಾಗಿ ನಿಲ್ಲಬೇಕಾಗುತ್ತಿತ್ತು ಎಂಬ ಪ್ರಶ್ನೆಗಳು ಹಿಂದುಳಿದುಬಿಡುತ್ತವೆ. ಪ್ರಕೃತ ಲೇಖನದಲ್ಲಿ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ವಿವೇಚಿಸಲು ಪ್ರಯತ್ನಿಸಿದ್ದೇವೆ.

ಈ ಮೂರು ತಾಲೂಕುಗಳನ್ನೇ ಆರಿಸಿಕೊಂಡುದಕ್ಕೆ ಕಾರಣಗಳಿವೆ. ಇವು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಒಂದಕ್ಕೊಂದು ಸಮೀಪವಾಗಿವೆ. ಆಳಂದದಲ್ಲಿ ಹರಿಯುವ ಅಮರ್ಜಾ ನದಿಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಆ ಭೀಮೆಯೇ ಮುಂದೆ ಜೇವರ್ಗಿಯ ಸೀಮೆಯನ್ನು ಮುಟ್ಟುತ್ತದೆ. ಈ ಮೂರೂ ಹಿಂದೆ ಹೈದರಾಬಾದ್ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದುವು. ಆದರೆ ಇವುಗಳ ಎಲ್ಲೆಯನ್ನು ದಾಟಿದೊಡನೆ ಸೊಲ್ಲಾಪುರ, ಅಕ್ಕಲಕೋಟೆ, ಇಂಡಿ, ಸಿಂದಗಿ ಮುಂತಾದ ಬೇರೆ ಆಡಳಿತದ ಸೀಮೆಗಳು ಬರುತ್ತಿದ್ದುವು. ಹೀಗೆ ಗಡಿಯಲ್ಲಿದ್ದುದರಿಂದ ಒಂದು ಆಡಳಿತದ ವಿದ್ಯಾಭ್ಯಾಸ ಕ್ರಮವನ್ನು ಮತ್ತೊಂದರೊಡನೆ ಹೋಲಿಸಿ ನೋಡಲು ಇಲ್ಲಿ ಅನುಕೂಲವಿದೆ.

ಇನ್ನೊಂದು ಕಾರಣವು ಇದಕ್ಕಿಂತ ಹೆಚ್ಚು ಮಹತ್ವದ್ದು. ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯು ೨೦೦೨ರಲ್ಲಿ ಒಪ್ಪಿಸಿದ ವರದಿಯಲ್ಲಿ ರಾಜ್ಯದ ೩೯ ತಾಲೂಕುಗಳನ್ನು ‘ಅತ್ಯಂತ ಹಿಂದುಳಿದವು’ ಎಂದು ಗುರುತಿಸಲಾಯಿತು. ಆ ೩೯ರಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಸೇರಿವೆ. ಇದಾದ ಏಳು ವರ್ಷಗಳಲ್ಲಿಯೇ, ಎಂದರೆ ೨೦೦೯ರಲ್ಲಿ, ಸಂಸತ್ತಿನ ಶಾಸನದ ಮೂಲಕ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಸ್ಥಾಪಿತವಾಗಿ, ಮುಂದೆ ಆಳಂದ ತಾಲೂಕಿನ ಕಡಗಂಚಿಯಲ್ಲಿ ನೆಲೆಗೊಂಡಿತು. ವಿದ್ಯೆಯ ಅತ್ಯುನ್ನತ ಪೀಠವೂ ಅತ್ಯಂತ ಹಿಂದುಳಿದ ತಾಲೂಕೆಂಬ ಹೆಸರೂ ಒಂದೇ ನೆಲದಲ್ಲಿ ಕೂಡಿಬಂದುದು ಹೇಗೆ? ಇತಿಹಾಸದ ವಿದ್ಯಾರ್ಥಿಗಳು ಇದನ್ನು ಕೇವಲ ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ.

೨

ಈ ಪ್ರದೇಶಕ್ಕೆ ವಿದ್ಯೆಯ ಪರಂಪರೆ ಇಲ್ಲದಿರಲಿಲ್ಲ. ನೆರೆಯ ಚಿತ್ತಾಪುರ ತಾಲೂಕಿನ ನಾಗಾವಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಒಂದು ಪ್ರಸಿದ್ಧ ಘಟಿಕಾಸ್ಥಾನವಿದ್ದಿತು. ಕ್ರಿ. ಶ. ೧೦೫೮ರ ಶಾಸನವು ಅಲ್ಲಿ ವೇದ ಮತ್ತು ಶಾಸ್ತ್ರಗಳನ್ನು ಓದುತ್ತಿದ್ದ ವಿದ್ಯಾರ್ಥಿಗಳಿಗೂ ಕಲಿಸುತ್ತಿದ್ದ ಆಚಾರ್ಯರಿಗೂ ಮಾಡಿದ್ದ ವ್ಯವಸ್ಥೆಯನ್ನು ತಿಳಿಸುವುದಲ್ಲದೆ, ಗ್ರಂಥಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರೆಂಬುದನ್ನೂ ಹೇಳುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಆರು ಜನ ಗ್ರಂಥಪಾಲಕರು ಬೇಕಾಗುವಷ್ಟು ದೊಡ್ಡ ಭಂಡಾರವಿದ್ದಿತೆಂದರೆ ಅಲ್ಲಿಯ ವ್ಯಾಸಂಗದ ಮಟ್ಟವನ್ನು ಊಹಿಸಬಹುದು.

ಹನ್ನೆರಡನೆಯ ಶತಮಾನದ ಶೈವ ಮತ್ತು ಶರಣ ಚಳವಳಿಯೊಡನೆ ವಿದ್ಯೆಯು ಅಗ್ರಹಾರದ ಎಲ್ಲೆಯನ್ನು ದಾಟಿತು. ಅಬ್ಬಲೂರಿನ ಶಾಸನದಿಂದ ಪ್ರಸಿದ್ಧನಾದ ಏಕಾಂತದ ರಾಮಯ್ಯನು ಆಳಂದದವನು. ಹದಿನೇಳನೆಯ ಶತಮಾನದ ವಚನಕಾರ ಷಣ್ಮುಖಸ್ವಾಮಿಯ ಹೆಸರಿನೊಡನೆ ಜೇವರ್ಗಿಯ ಹೆಸರು ಕೂಡಿಕೊಂಡಿದೆ. ಕಲಬುರಗಿಯ ಶರಣಬಸವೇಶ್ವರರು (೧೭೪೬–೧೮೨೨) ಹಳೆಯ ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದವರು. ಅವರ ದಾಸೋಹವು ಮುಂದೆ ಈ ಸೀಮೆಯ ವಿದ್ಯಾಸಂಸ್ಥೆಗಳಿಗೆ ಹೇಗೆ ಆಶ್ರಯವಾಯಿತೆಂಬುದನ್ನು ಕೆಳಗೆ ನೋಡಲಿದ್ದೇವೆ.

೧೩೪೭ರಲ್ಲಿ ಕಲಬುರಗಿಯು ಬಹಮನಿ ರಾಜ್ಯದ ರಾಜಧಾನಿಯಾದ ಮೇಲೆ ಪಾರಸಿ ಮತ್ತು ಅರಬ್ಬಿ ವಿದ್ಯೆಗಳು ಇಲ್ಲಿ ನೆಲೆಯೂರಿದುವು. ಖ್ವಾಜಾ ಬಂದೇನವಾಜರು (ಮರಣ ೧೪೨೨) ಕಲಬುರಗಿಯಲ್ಲಿ ನಿಂತು ಬೋಧಿಸಿದರು. ಆಳಂದದ ಲಾಡ್ಲೆ ಮಶಾಯಕ ದರ್ಗಾ ಸೂಫಿ ಸಂಪ್ರದಾಯದ ಕೇಂದ್ರವಾಯಿತು. ೧೪೭೨ರಲ್ಲಿ ಬೀದರಿನಲ್ಲಿ ಮಹಮೂದ ಗಾವಾನನು ಕಟ್ಟಿಸಿದ ಮದರಸಾ ದಕ್ಷಿಣ ಭಾರತದಲ್ಲಿಯೇ ಹೆಸರಾದುದು. ಇತ್ತ ಗಾಣಗಾಪುರವು ನೃಸಿಂಹ ಸರಸ್ವತಿಯವರ ವಾಸದಿಂದ ದತ್ತಕ್ಷೇತ್ರವಾಗಿ, ಮರಾಠಿ ಭಾಷೆಯ ಗುರುಚರಿತ್ರೆಯ ಮೂಲಕ ಮಹಾರಾಷ್ಟ್ರದ ಭಕ್ತರನ್ನು ಸೆಳೆಯಿತು. ಹೀಗೆ ಸಂಸ್ಕೃತ, ಕನ್ನಡ, ಪಾರಸಿ, ಮರಾಠಿ ಈ ನಾಲ್ಕು ಭಾಷೆಗಳ ವಿದ್ಯೆಗಳು ಒಂದೇ ಸೀಮೆಯಲ್ಲಿ ಬೆಳೆದುವು.

ಹಳ್ಳಿಗಳ ಮಟ್ಟದಲ್ಲಿ ಐಗಳ ಶಾಲೆಗಳೂ ಗಾಂವಠಿ ಶಾಲೆಗಳೂ ಇದ್ದುವು. ಮಠದ ಪಡಸಾಲೆಯಲ್ಲಿಯೋ ಗುಡಿಯ ಕಟ್ಟೆಯ ಮೇಲೆಯೋ ಐಗಳು ಹುಡುಗರನ್ನು ಕೂರಿಸಿಕೊಂಡು ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಕೋಷ್ಟಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಕುಲಕರ್ಣಿಕೆಯ ಮನೆಗಳ ಹುಡುಗರು ಮೋಡಿ ಲಿಪಿಯನ್ನೂ ಲೆಕ್ಕಪತ್ರವನ್ನೂ ಕಲಿಯುತ್ತಿದ್ದರು. ಮಸೀದಿಗಳಲ್ಲಿ ಮಕ್ತಬಗಳು ನಡೆಯುತ್ತಿದ್ದುವು. ಸುಗ್ಗಿಯ ಕಾಳೇ ಗುರುಗಳ ಸಂಬಳ.

ಈ ಹಳೆಯ ಕ್ರಮದ ಒಂದು ಲಕ್ಷಣವನ್ನು ನಾವು ಮುಖ್ಯವಾಗಿ ಗಮನಿಸಬೇಕು. ಇದರಲ್ಲಿ ಬೇರೆ ಬೇರೆ ಮನೆಗಳಿದ್ದುವೇ ಹೊರತು ಒಂದರಿಂದ ಮತ್ತೊಂದಕ್ಕೆ ಹತ್ತುವ ಮೆಟ್ಟಿಲುಗಳಿರಲಿಲ್ಲ. ಐಗಳ ಶಾಲೆಯಲ್ಲಿ ಕಲಿತವನು ಘಟಿಕಾಸ್ಥಾನಕ್ಕಾಗಲಿ ಮದರಸಾಕ್ಕಾಗಲಿ ಏರಬೇಕೆಂಬ ಕಲ್ಪನೆಯೇ ಇದ್ದಿಲ್ಲ. ಅವರವರ ಜಾತಿ, ಕಸುಬುಗಳಿಗೆ ಬೇಕಾದಷ್ಟನ್ನು ಅವರವರು ಕಲಿತರೆ ಸಾಕಾಗಿದ್ದಿತು. ಒಕ್ಕಲಿಗರ, ಕೂಲಿಕಾರರ ಮತ್ತು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಅಷ್ಟೂ ದೊರೆಯುತ್ತಿರಲಿಲ್ಲ. ಪ್ರಾಚೀನ ವೈಭವವನ್ನು ಹೊಗಳುವಾಗ ಈ ಮಾತನ್ನು ಮರೆಯಲಾಗದು.

೩

ಮೆಟ್ಟಿಲುಗಳಿಂದ ಕೂಡಿದ ವಿದ್ಯಾಭ್ಯಾಸ ಕ್ರಮವು ಈ ಸೀಮೆಗೆ ಬಂದುದು ನಿಜಾಮರ ಸರಕಾರದ ಮೂಲಕ. ೧೮೫೩ರಿಂದ ೧೮೮೩ರವರೆಗೆ ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗರ ಕಾಲದಲ್ಲಿ ಆಡಳಿತದ ಸುಧಾರಣೆಯೊಡನೆ ಸರಕಾರಿ ಶಾಲೆಗಳೂ ಆರಂಭವಾದುವು. ಹೈದರಾಬಾದ್ ನಗರದಲ್ಲಿ ಮೊದಲು ದಾರುಲ್ ಉಲೂಮ್, ೧೮೮೭ರಲ್ಲಿ ನಿಜಾಮ್ ಕಾಲೇಜು ಸ್ಥಾಪಿತವಾದುವು. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ರಾಜ್ಯದ ಆಡಳಿತ ಭಾಷೆಯು ಪಾರಸಿಯಿಂದ ಉರ್ದುವಿಗೆ ಬದಲಾಯಿತು. ವಿದ್ಯಾಭ್ಯಾಸದ ದೃಷ್ಟಿಯಿಂದ ಇದು ದೂರಗಾಮಿಯಾದ ಪರಿವರ್ತನೆ. ಕಚೇರಿಯ ಭಾಷೆ ಯಾವುದೋ ಅದೇ ಮೇಲಿನ ಶಾಲೆಗಳ ಭಾಷೆಯೂ ಆಗುವುದು ಸ್ವಾಭಾವಿಕವಾಗಿದ್ದಿತು.

ಇಪ್ಪತ್ತನೆಯ ಶತಮಾನದ ಮೊದಲ ಭಾಗಕ್ಕೆ ಬರುವಾಗ ಈ ಸೋಪಾನವು ಪೂರ್ಣ ರೂಪವನ್ನು ತಾಳಿದ್ದಿತು. ಕೆಳಗಿನದು ತಹತಾನಿಯಾ, ಎಂದರೆ ಪ್ರಾಥಮಿಕ ಶಾಲೆ. ನಡುವಿನದು ವಸ್ತಾನಿಯಾ, ಎಂದರೆ ಮಾಧ್ಯಮಿಕ ಶಾಲೆ. ಮೇಲಿನದು ಫೌಕಾನಿಯಾ, ಎಂದರೆ ಹೈಸ್ಕೂಲು. ಇವುಗಳ ಮೇಲೆ ಇಂಟರ್‌ಮೀಡಿಯೇಟ್ ಕಾಲೇಜು. ಎಲ್ಲಕ್ಕಿಂತ ಮೇಲೆ ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ. ಶಾಲೆಯಲ್ಲಿ ಕಲಿಸುವವರು ಮುದರ್ರಿಸರು. ಅವರ ಮೇಲೆ ಸದರ್ ಮುದರ್ರಿಸ್. ಜಿಲ್ಲೆಯ ಶಾಲೆಗಳ ತಪಾಸಣೆಗೆ ಮೋಹತಮಿಮ್. ರಾಜ್ಯದ ಇಲಾಖೆಗೆ ನಾಜಿಮ್. ಕಲಬುರಗಿಯು ಸುಭಾದ ಮುಖ್ಯಸ್ಥಳವಾಗಿದ್ದುದರಿಂದ ಅಲ್ಲಿ ಇಂಟರ್‌ಮೀಡಿಯೇಟ್ ಕಾಲೇಜು ಇದ್ದಿತು. ಹೀಗೆ ಕಾಗದದ ಮೇಲೆ ಅಫಜಲಪುರದ ಬಾಲಕನೊಬ್ಬನು ತಹತಾನಿಯಾದಿಂದ ಹೊರಟು ಉಸ್ಮಾನಿಯಾದ ಪದವಿಯವರೆಗೆ ತಡೆಯಿಲ್ಲದೆ ಏರಬಹುದಾಗಿದ್ದಿತು.

ವಾಸ್ತವಿಕ ಸ್ಥಿತಿಯು ಬೇರೆಯೇ ಆಗಿದ್ದಿತು. ಪ್ರಾಥಮಿಕ ತರಗತಿಗಳಲ್ಲಿ ಮಾತೃಭಾಷೆಗೆ ತಕ್ಕಮಟ್ಟಿನ ಎಡೆಯಿದ್ದಿತು. ಮಾಧ್ಯಮಿಕ ತರಗತಿಗಳಿಂದ ಮೇಲೆ ಉರ್ದುವೇ ಬೋಧನೆಯ ಭಾಷೆ. ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುವ ಹುಡುಗನು ಓದು ಬರಹ ಕೈಗೆ ಹತ್ತುವ ವೇಳೆಗೆ ಸರಿಯಾಗಿ ಬೇರೆ ಲಿಪಿಗೆ, ಬೇರೆ ಭಾಷೆಗೆ ತಿರುಗಬೇಕಾಗಿದ್ದಿತು. ಕಾಗದದ ಮೇಲೆ ಅಖಂಡವಾಗಿ ಕಾಣುವ ಸೋಪಾನದಲ್ಲಿ ಬಿರುಕು ಇದ್ದುದು ಇಲ್ಲಿಯೇ. ಪಟ್ಟಣದಲ್ಲಿದ್ದು ಕಚೇರಿಯ ಬಳಕೆಯುಳ್ಳ ಮನೆಗಳ ಹುಡುಗರು ಈ ಬಿರುಕನ್ನು ದಾಟಿದರು. ಉಳಿದವರು ಈಚೆಯೇ ನಿಂತರು.

ಉಸ್ಮಾನಿಯಾ ವಿಶ್ವವಿದ್ಯಾಲಯದ ಬಗ್ಗೆ ನಮ್ಮ ಕಡೆಯ ಲೇಖಕರು ಎರಡು ಅತಿಗಳಿಗೆ ಹೋಗುವುದುಂಟು. ಕನ್ನಡವನ್ನು ತುಳಿದ ಸಂಸ್ಥೆಯೆಂದು ಕೆಲವರು ಅದನ್ನು ಹಳಿಯುತ್ತಾರೆ; ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಕೊಟ್ಟ ಮೊದಲ ಆಧುನಿಕ ವಿಶ್ವವಿದ್ಯಾಲಯವೆಂದು ಕೆಲವರು ಕೊಂಡಾಡುತ್ತಾರೆ. ಎರಡರಲ್ಲಿಯೂ ಸತ್ಯಾಂಶವಿದೆ. ೧೯೧೭ರಲ್ಲಿ ಆರಂಭವಾದ ಭಾಷಾಂತರ ಸಂಸ್ಥೆ, ದಾರುಲ್ ತರ್ಜುಮಾ, ಗಣಿತ, ವಿಜ್ಞಾನ, ವೈದ್ಯ, ನ್ಯಾಯಶಾಸ್ತ್ರ, ಇತಿಹಾಸಗಳ ಗ್ರಂಥಗಳನ್ನು ಉರ್ದುವಿಗೆ ತಂದು, ಪಾರಿಭಾಷಿಕ ಪದಗಳನ್ನು ರಚಿಸಿ, ಇಂಗ್ಲಿಷಿನ ನೆರವಿಲ್ಲದೆಯೂ ಉನ್ನತ ವ್ಯಾಸಂಗ ಸಾಧ್ಯವೆಂಬುದನ್ನು ತೋರಿಸಿಕೊಟ್ಟಿತು. ತತ್ತ್ವವು ಸರಿಯಾಗಿದ್ದಿತು. ಆದರೆ ಕನ್ನಡ, ತೆಲುಗು, ಮರಾಠಿಗಳನ್ನಾಡುವವರೇ ಬಹುಸಂಖ್ಯಾತರಾಗಿದ್ದ ರಾಜ್ಯದಲ್ಲಿ ಆ ತತ್ತ್ವದ ಫಲವು ಒಂದೇ ಭಾಷೆಗೆ ದಕ್ಕಿತು. ಜೇವರ್ಗಿಯ ಒಕ್ಕಲಿಗನ ಮಗನಿಗೆ ಉರ್ದುವೂ ಇಂಗ್ಲಿಷೂ ಸಮಾನವಾಗಿ ದೂರವಾಗಿದ್ದುವು.

ಭಾಷೆಯೊಂದೇ ಅಡ್ಡಿಯಾಗಿರಲಿಲ್ಲ. ರಾಜ್ಯದ ಭೂಮಿಯಲ್ಲಿ ಬಹುಭಾಗವು ಜಹಗೀರುದಾರರ ಮತ್ತು ಪಾಯಗಾ ಅಮೀರರ ಕೈಯಲ್ಲಿದ್ದಿತು. ಆಳಂದವೂ ಪಾಯಗಾಕ್ಕೆ ಸೇರಿದ ಸೀಮೆ. ಶಾಲೆಯ ಖರ್ಚು ಜಹಗೀರುದಾರನ ಇಚ್ಛೆಯನ್ನು ಅವಲಂಬಿಸಿದ್ದಲ್ಲಿ ಶಾಲೆಗಳು ವಿರಳವಾದುದು ಆಶ್ಚರ್ಯವಲ್ಲ. ಖಾಸಗಿಯಾಗಿ ಶಾಲೆ ತೆರೆಯೋಣವೆಂದರೆ ಸರಕಾರದ ಪೂರ್ವಾನುಮತಿ ಬೇಕಾಗಿದ್ದಿತು. ಆ ಅನುಮತಿ ಸುಲಭವಾಗಿ ಸಿಗುತ್ತಿರಲಿಲ್ಲ. ಹಾಗಿದ್ದರೂ ಕಲಬುರಗಿಯಲ್ಲಿ ೧೯೦೭ರಲ್ಲಿಯೇ ನೂತನ ವಿದ್ಯಾಲಯವು ಜನರ ಪ್ರಯತ್ನದಿಂದ ಹುಟ್ಟಿತು. ಆಳಂದದ ಆಚೆಯ ಅಂದಿನ ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗಾದಲ್ಲಿ ೧೯೨೧ರಲ್ಲಿ ರಾಷ್ಟ್ರೀಯ ಶಾಲೆ ಆರಂಭವಾಯಿತು. ಮುಂದೆ ಹೈದರಾಬಾದ್ ವಿಮೋಚನಾ ಹೋರಾಟದ ನಾಯಕರಾದ ಸ್ವಾಮಿ ರಮಾನಂದ ತೀರ್ಥರು ಅಲ್ಲಿಯೇ ಮುಖ್ಯೋಪಾಧ್ಯಾಯರಾಗಿದ್ದರು. ೧೯೨೮ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ ಜರುಗಿದ ಕನ್ನಡ ಸಾಹಿತ್ಯ ಸಮ್ಮೇಳನವು ಈ ಸೀಮೆಯ ಕನ್ನಡಿಗರಿಗೆ ಭರವಸೆಯನ್ನು ತಂದಿತು. ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳಿಗಾಗಿ ಕನ್ನಡ ಶಾಲೆಯನ್ನು ತೆರೆದುದು ೧೯೩೦ರ ದಶಕದ ಸಂಗತಿ. ಅನ್ನದಾಸೋಹದ ಮಠವು ಜ್ಞಾನದಾಸೋಹಕ್ಕೂ ಕೈಯಿಟ್ಟಿತು.

ಗಡಿಯ ಆಚೆ ಏನಿದ್ದಿತು? ಇಂಡಿ, ಸಿಂದಗಿ ತಾಲೂಕುಗಳು ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಗೆ ಸೇರಿದ್ದುವು. ಅಲ್ಲಿಯೂ ಕನ್ನಡ ಶಾಲೆಗಳು ತಾವಾಗಿ ಬಂದುವಲ್ಲ. ಡೆಪ್ಯುಟಿ ಚನ್ನಬಸಪ್ಪನವರಂಥವರು (೧೮೩೩–೧೮೮೧) ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳನ್ನು ಬೆಳೆಸಲು ಹೆಣಗಿದರು. ಧಾರವಾಡದ ಟ್ರೇನಿಂಗ್ ಕಾಲೇಜು ಕನ್ನಡ ಶಿಕ್ಷಕರನ್ನು ತಯಾರಿಸಿತು. ೧೮೯೦ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಪರಿಣಾಮವಾಗಿ ಭೀಮೆಯ ಎರಡು ಕಡೆಗಳಲ್ಲಿ ಒಂದೇ ಭಾಷೆಯನ್ನಾಡಿ, ಒಂದೇ ಜೋಳವನ್ನು ಬೆಳೆದು, ಬೀಗತನ ಮಾಡಿಕೊಂಡು ಬಂದ ಜನರಲ್ಲಿ ಒಂದು ಕಡೆಯವರಿಗೆ ಕನ್ನಡ ಶಾಲೆ ಬಳಿಯಲ್ಲಿದ್ದಿತು. ಮತ್ತೊಂದು ಕಡೆಯವರಿಗೆ ಇದ್ದಿಲ್ಲ. ಹಿಂದುಳಿಯುವಿಕೆಗೆ ಜನರ ಆಲಸ್ಯವನ್ನೋ ಮಳೆಯ ಅಭಾವವನ್ನೋ ಕಾರಣವಾಗಿ ಹೇಳುವವರು ಈ ಹೋಲಿಕೆಯನ್ನು ಗಮನಿಸುವುದು ಒಳಿತು. ೧೯೫೧ರ ಜನಗಣತಿಯಲ್ಲಿ ಹೈದರಾಬಾದ್ ರಾಜ್ಯದ ಸಾಕ್ಷರರ ಪ್ರಮಾಣವು ನೂರಕ್ಕೆ ಹತ್ತನ್ನು ಮುಟ್ಟಿರಲಿಲ್ಲ.

೪

೧೯೪೮ರ ಸೆಪ್ಟೆಂಬರಿನಲ್ಲಿ ನಡೆದ ಪೊಲೀಸ್ ಕಾರ್ಯಾಚರಣೆಯಿಂದ ನಿಜಾಮರ ಆಳ್ವಿಕೆ ಕೊನೆಗೊಂಡಿತು. ೧೯೪೯ರಲ್ಲಿ ಜಹಗೀರುಗಳು ರದ್ದಾದುವು. ಶಾಲೆಗಳಲ್ಲಿ ಮಾತೃಭಾಷೆಯು ಬೋಧನೆಯ ಭಾಷೆಯಾಯಿತು. ೧೯೫೬ರ ನವೆಂಬರ್ ೧ರಂದು ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡ ಭಾಗಗಳು ಮೈಸೂರು ರಾಜ್ಯಕ್ಕೆ ಸೇರಿದುವು. ಎಂಟು ವರ್ಷಗಳಲ್ಲಿ ಶಾಲೆಯ ಭಾಷೆ, ಪಠ್ಯಪುಸ್ತಕ, ಪರೀಕ್ಷೆ, ಇಲಾಖೆ, ವಿಶ್ವವಿದ್ಯಾಲಯ ಎಲ್ಲವೂ ಬದಲಾದುವು.

ಈ ಬದಲಾವಣೆಯ ಭಾರವನ್ನು ಹೊತ್ತವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ತಾವು ಉರ್ದುವಿನಲ್ಲಿ ಓದಿ ಪರೀಕ್ಷೆ ಕೊಟ್ಟವರು ಈಗ ಕನ್ನಡದಲ್ಲಿ ಭೂಗೋಲ, ಗಣಿತಗಳನ್ನು ಕಲಿಸಬೇಕಾಯಿತು. ಧಾರವಾಡ, ಬಿಜಾಪುರಗಳ ಕಡೆಯಿಂದಲೂ ಶಿಕ್ಷಕರು ಬಂದರು. ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಈ ಐದು ಆಡಳಿತಗಳ ಐದು ಬಗೆಯ ಶಾಲಾ ಕ್ರಮಗಳನ್ನು ಹೊಸ ರಾಜ್ಯವು ಒಂದುಗೂಡಿಸಬೇಕಾಗಿದ್ದಿತು. ೧೯೬೧ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆಯು ಈ ಏಕೀಕರಣದ ಒಂದು ಮುಖ್ಯ ಘಟ್ಟ. ಕಾಲಕ್ರಮದಲ್ಲಿ ಒಂದರಿಂದ ಏಳರವರೆಗೆ ಪ್ರಾಥಮಿಕ, ಎಂಟರಿಂದ ಹತ್ತರವರೆಗೆ ಪ್ರೌಢಶಾಲೆ, ಎರಡು ವರ್ಷದ ಪಿ.ಯು.ಸಿ., ಅನಂತರ ಪದವಿ ಎಂಬ ಕ್ರಮವು ರಾಜ್ಯದಲ್ಲೆಲ್ಲ ನೆಲೆಗೊಂಡಿತು.

ಆದರೆ ಐದು ಸೀಮೆಗಳು ಓಟವನ್ನು ಒಂದೇ ಗೆರೆಯಿಂದ ಆರಂಭಿಸಲಿಲ್ಲ. ಹಳೆಯ ಮೈಸೂರಿನಲ್ಲಿ ೧೯೧೬ರಲ್ಲಿಯೇ ವಿಶ್ವವಿದ್ಯಾನಿಲಯವಿದ್ದಿತು. ಒಂದೇ ಕಾಯಿದೆಯು ಎರಡು ಕಡೆಗೂ ಅನ್ವಯಿಸಿದಾಗ, ಶಾಲೆಯಿದ್ದ ಊರಿಗೆ ಅದು ಹಾಜರಿಯ ಪ್ರಶ್ನೆ. ಶಾಲೆಯೇ ಇಲ್ಲದ ಊರಿಗೆ ಅದು ಕಟ್ಟಡದ, ಶಿಕ್ಷಕನ, ದಾರಿಯ ಪ್ರಶ್ನೆ.

ಉನ್ನತ ಶಿಕ್ಷಣದಲ್ಲಿ ಜನರ ಉತ್ಸಾಹ ದೊಡ್ಡದು. ೧೯೫೮ರಲ್ಲಿ ಮಹಾದೇವಪ್ಪ ರಾಂಪುರೆಯವರ ನೇತೃತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿ ಅದೇ ವರ್ಷ ಇಂಜಿನಿಯರಿಂಗ್ ಕಾಲೇಜನ್ನೂ, ೧೯೬೩ರಲ್ಲಿ ವೈದ್ಯಕೀಯ ಕಾಲೇಜನ್ನೂ ಕಲಬುರಗಿಯಲ್ಲಿ ತೆರೆಯಿತು. ಶರಣಬಸವೇಶ್ವರ ವಿದ್ಯಾವರ್ಧಕ ಸಂಘದ ಸಂಸ್ಥೆಗಳೂ ಬೆಳೆದುವು. ಇವುಗಳ ಉಪಕಾರವನ್ನು ಎಷ್ಟು ಸ್ಮರಿಸಿದರೂ ಕಡಿಮೆ. ಅದೇ ಕಾಲದಲ್ಲಿ ಉಸ್ಮಾನಿಯಾದ ಸಂಬಂಧ ಕಡಿದು, ಕಲಬುರಗಿಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದುವು. ಎಂ.ಎ. ಮಾಡಬೇಕೆಂದವನು ಹೈದರಾಬಾದಿಗೆ ಬದಲಾಗಿ ಧಾರವಾಡಕ್ಕೆ ಹೋಗಬೇಕಾಯಿತು. ೧೯೭೦ರಲ್ಲಿ ಕಲಬುರಗಿಯಲ್ಲಿ ಸ್ನಾತಕೋತ್ತರ ಕೇಂದ್ರವೂ, ೧೯೮೦ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವೂ ಆದ ಮೇಲೆ ಆ ದೂರವು ತಗ್ಗಿತು.

ಇಲ್ಲಿ ಒಂದು ಸಂಗತಿಯು ನಮ್ಮ ವಿಶೇಷ ಗಮನಕ್ಕೆ ಅರ್ಹವಾಗಿದೆ. ೧೯೪೮ರ ಅನಂತರ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದುವಿನ ಸ್ಥಾನಕ್ಕೆ ಇಂಗ್ಲಿಷ್ ಬಂದಿತು; ಧಾರವಾಡದಲ್ಲಿಯೂ ಉನ್ನತ ವ್ಯಾಸಂಗದ ಮುಖ್ಯ ಭಾಷೆ ಇಂಗ್ಲಿಷೇ. ಹೀಗೆ ಕೆಳಗಿನ ಮೆಟ್ಟಿಲುಗಳು ಉರ್ದುವಿನಿಂದ ಕನ್ನಡಕ್ಕೆ ತಿರುಗಿದರೆ, ಮೇಲಿನ ಮೆಟ್ಟಿಲುಗಳು ಉರ್ದುವಿನಿಂದ ಇಂಗ್ಲಿಷಿಗೆ ತಿರುಗಿದುವು. ನಿಜಾಮರ ಕಾಲದಲ್ಲಿ ಮಾಧ್ಯಮಿಕ ಶಾಲೆಯ ಬಾಗಿಲಲ್ಲಿದ್ದ ಭಾಷೆಯ ಬಿರುಕು ಮುಚ್ಚಿಹೋಗಲಿಲ್ಲ, ಅದು ಪಿ.ಯು.ಸಿ.ಯ ಬಾಗಿಲಿಗೆ, ಮುಖ್ಯವಾಗಿ ವಿಜ್ಞಾನ ಶಾಖೆಯ ಬಾಗಿಲಿಗೆ, ಸರಿದುಹೋಯಿತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗಿಯು ಅಲ್ಲಿ ಭೌತಶಾಸ್ತ್ರವನ್ನೂ ಇಂಗ್ಲಿಷನ್ನೂ ಒಟ್ಟಿಗೆ ಕಲಿಯಬೇಕಾಗುತ್ತದೆ. ಇದು ಇಂದಿಗೂ ಇರುವ ಸ್ಥಿತಿ. ಬಿರುಕು ಮೇಲಕ್ಕೆ ಸರಿದುದರಿಂದ ಲಕ್ಷಾಂತರ ಮಕ್ಕಳಿಗೆ ಹತ್ತನೆಯ ತರಗತಿಯವರೆಗಿನ ದಾರಿ ತೆರೆಯಿತೆಂಬುದು ನಿಸ್ಸಂಶಯವಾದ ಲಾಭ. ಆದರೆ ದಾರುಲ್ ತರ್ಜುಮಾ ಉರ್ದುವಿಗೆ ಮಾಡಿದ ಕೆಲಸವನ್ನು ಕನ್ನಡಕ್ಕೆ ಅದೇ ಹಟದಿಂದ ಮಾಡಿ ಮುಗಿಸಲಿಲ್ಲವೆಂಬುದೂ ಅಷ್ಟೇ ನಿಜ.

೫

ಇಂದಿನ ಸೋಪಾನವು ಹೇಗಿದೆ? ಮೂರರಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿ. ೧೯೭೫ರಲ್ಲಿ ದೇಶದಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಕೂಸು ಇದು. ಅನಂತರ ಕಿರಿಯ ಮತ್ತು ಹಿರಿಯ ಪ್ರಾಥಮಿಕ ಶಾಲೆ, ಪ್ರೌಢಶಾಲೆ, ಎಸ್.ಎಸ್.ಎಲ್.ಸಿ. ಪರೀಕ್ಷೆ, ಪಿ.ಯು.ಸಿ., ಪದವಿ. ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯಂತೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವು ಹಕ್ಕಾಗಿದೆ. ತಾಲೂಕಿನ ಶಾಲೆಗಳ ಆಡಳಿತವು ಕ್ಷೇತ್ರ ಶಿಕ್ಷಣಾಧಿಕಾರಿಯದು. ಆಳಂದದ ಗಡಿಯಲ್ಲಿ ಮರಾಠಿ ಶಾಲೆಗಳೂ, ಪಟ್ಟಣಗಳಲ್ಲಿ ಉರ್ದು ಶಾಲೆಗಳೂ ಕನ್ನಡ ಶಾಲೆಗಳ ಜೊತೆಯಲ್ಲಿ ನಡೆಯುತ್ತವೆ. ನಾಲ್ಕು ಭಾಷೆಗಳ ಹಳೆಯ ಸೀಮೆಯು ತನ್ನ ಗುಣವನ್ನು ಬಿಟ್ಟಿಲ್ಲ.

ಮಕ್ಕಳನ್ನು ಶಾಲೆಗೆ ತಂದ ಯೋಜನೆಗಳಲ್ಲಿ ಅಕ್ಷರ ದಾಸೋಹವನ್ನು ಮೊದಲು ಹೇಳಬೇಕು. ಶಾಲೆಯಲ್ಲಿ ಬಿಸಿಯೂಟ ಕೊಡುವ ಈ ಯೋಜನೆಯು ೨೦೦೨ರಲ್ಲಿ ಕಲಬುರಗಿಯೂ ಸೇರಿದಂತೆ ರಾಜ್ಯದ ಏಳು ಉತ್ತರದ ಜಿಲ್ಲೆಗಳಲ್ಲಿ ಮೊದಲು ಆರಂಭವಾಗಿ, ಅನಂತರ ರಾಜ್ಯದಲ್ಲೆಲ್ಲ ಹರಡಿತು. ಶರಣರ ಸೀಮೆಯ ಮಾತೇ ಅದಕ್ಕೆ ಹೆಸರಾಯಿತು. ಆದರೆ ತೊಗರಿಯ ರಾಶಿ, ಹತ್ತಿ ಬಿಡಿಸುವ ಕಾಲಗಳಲ್ಲಿ ಹಾಜರಿ ಇಳಿಯುವುದು, ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಪುಣೆ, ಮುಂಬಯಿ, ಬೆಂಗಳೂರುಗಳಿಗೆ ದುಡಿಯಲು ಗುಳೆ ಹೋಗುವುದು, ಜೊತೆಗೆ ಮಕ್ಕಳೂ ಹೋಗುವುದು, ಇವು ನಿಂತಿಲ್ಲ. ಗುಳೆ ಹೋದ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯುತ್ತದೆ. ಮಗುವಿನ ಕಲಿಕೆ ಉಳಿಯುವುದಿಲ್ಲ.

ಅಂಕಿಗಳು ಈ ಮಾತನ್ನು ಸಮರ್ಥಿಸುತ್ತವೆ. ೨೦೧೧ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ನೂರಕ್ಕೆ ೭೫.೩೬, ಕಲಬುರಗಿ ಜಿಲ್ಲೆಯದು ೬೪.೮೫. ಜಿಲ್ಲೆಯ ಪುರುಷರಲ್ಲಿ ೭೪.೩೮, ಸ್ತ್ರೀಯರಲ್ಲಿ ೫೫.೦೯. ಐಗಳ ಶಾಲೆಯ ಕಾಲದಲ್ಲಿ ಹೆಣ್ಣುಮಕ್ಕಳು ಹೊರಗೆ ನಿಂತುದರ ನೆರಳು ಇನ್ನೂ ಇದೆ. ೨೦೨೫ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯು ನೂರಕ್ಕೆ ೪೨.೪೩ರ ಫಲಿತಾಂಶದೊಡನೆ ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿ ನಿಂತಿತು. ಎಂದರೆ ಪರೀಕ್ಷೆಗೆ ಕುಳಿತ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಆ ಸಲ ಪಿ.ಯು.ಸಿ.ಯ ಬಾಗಿಲು ತೆರೆಯಲಿಲ್ಲ.

ಸೋಪಾನದ ಮೇಲ್ತುದಿಯಲ್ಲಿ ಮಾತ್ರ ಸೌಕರ್ಯಗಳು ಹೆಚ್ಚಿವೆ. ಸಂವಿಧಾನದ ೯೮ನೆಯ ತಿದ್ದುಪಡಿಯಿಂದ ಸೇರಿದ ೩೭೧(ಜೆ) ವಿಧಿಯಂತೆ ೨೦೧೩ರಿಂದ ಈ ಪ್ರದೇಶದ ವಿದ್ಯಾರ್ಥಿಗಳಿಗೆ ಪ್ರದೇಶದೊಳಗಿನ ಸಂಸ್ಥೆಗಳಲ್ಲಿ ನೂರಕ್ಕೆ ೭೦, ರಾಜ್ಯದ ಉಳಿದ ಸಂಸ್ಥೆಗಳಲ್ಲಿ ನೂರಕ್ಕೆ ೮ ಸ್ಥಾನಗಳು ಮೀಸಲಾದುವು. ಇದರಿಂದ ವೈದ್ಯರೂ ಇಂಜಿನಿಯರರೂ ಆದ ಯುವಕ ಯುವತಿಯರು ಈ ಮೂರು ತಾಲೂಕುಗಳಲ್ಲಿಯೂ ಕಾಣಸಿಗುತ್ತಾರೆ. ಇದು ದೀರ್ಘಕಾಲದ ಅನ್ಯಾಯಕ್ಕೆ ದೊರೆತ ನ್ಯಾಯವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಈ ಮೀಸಲಾತಿ ಫಲಿಸುವುದು ಪಿ.ಯು.ಸಿ.ಯವರೆಗೆ ಏರಿ ಬಂದವರಿಗೆ ಮಾತ್ರ. ಹತ್ತನೆಯ ತರಗತಿಯಲ್ಲಿ ನಿಂತವರಿಗೆ ಮೇಲೆ ಕಾದಿರಿಸಿದ ಸ್ಥಾನದಿಂದ ಪ್ರಯೋಜನವಿಲ್ಲ.

ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ವಿಷಯವೂ ಹೀಗೆಯೇ. ಮೊದಲು ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿದ್ದು ಅನಂತರ ಇಲ್ಲಿಗೆ ಬಂದ ಈ ಸಂಸ್ಥೆಯಲ್ಲಿ ದೇಶದ ನಾನಾ ರಾಜ್ಯಗಳ ವಿದ್ಯಾರ್ಥಿಗಳು ಓದುತ್ತಾರೆ. ೨೦೨೨ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ತರಗತಿಗಳಿಗೆ ಪ್ರವೇಶವು ದೇಶಕ್ಕೆಲ್ಲ ಒಂದೇ ಆದ ಪರೀಕ್ಷೆಯ ಮೂಲಕ ನಡೆಯುತ್ತದೆ. ರಾಷ್ಟ್ರೀಯ ಸಂಸ್ಥೆಗೆ ಇದು ತಕ್ಕುದೇ. ಆದರೆ ಸುತ್ತಲಿನ ಹಳ್ಳಿಯ ಹುಡುಗನಿಗೆ ಆ ಆವರಣವು ನಾಲ್ಕು ಹರದಾರಿ ದೂರದಲ್ಲಿದ್ದರೂ, ಅದರ ತರಗತಿಯು ಹನ್ನೆರಡು ವರ್ಷಗಳ ಸರಿಯಾದ ಶಾಲಾ ಶಿಕ್ಷಣದಷ್ಟು ದೂರದಲ್ಲಿದೆ. ನೆಲದ ಸಾಮೀಪ್ಯವನ್ನು ಕಲಿಕೆಯ ಸಾಮೀಪ್ಯವೆಂದು ಭಾವಿಸಲಾಗದು.

೬

ಇಷ್ಟರಿಂದ ಮೂರು ಮಾತುಗಳು ಸ್ಪಷ್ಟವಾಗುತ್ತವೆಂದು ನಾವು ಭಾವಿಸುತ್ತೇವೆ.

ಮೊದಲನೆಯದು: ಘಟಿಕಾಸ್ಥಾನದಿಂದ ಕೇಂದ್ರೀಯ ವಿಶ್ವವಿದ್ಯಾಲಯದವರೆಗೆ ಈ ಸೀಮೆಗೆ ಶಿಖರಗಳ ಕೊರತೆ ಎಂದೂ ಇರಲಿಲ್ಲ. ನಾಗಾವಿ, ಬೀದರಿನ ಮದರಸಾ, ಉಸ್ಮಾನಿಯಾ, ಕಡಗಂಚಿ ಇವೆಲ್ಲ ತಮ್ಮ ತಮ್ಮ ಕಾಲದಲ್ಲಿ ಹೆಸರಾದುವೇ. ಕೊರತೆಯಿದ್ದುದು ನಡುವಿನ ಮೆಟ್ಟಿಲುಗಳಲ್ಲಿ. ಪ್ರತಿಯೊಂದು ಆಡಳಿತವೂ ಮೇಲಿನಿಂದ ಕಟ್ಟುತ್ತ ಬಂದಿತು. ಕೆಳಗಿನ ಮೆಟ್ಟಿಲುಗಳ ಕೆಲಸವನ್ನು ಐಗಳಿಗೋ, ಜಹಗೀರುದಾರನಿಗೋ, ಏಕೋಪಾಧ್ಯಾಯ ಶಾಲೆಗೋ ಬಿಟ್ಟಿತು.

ಎರಡನೆಯದು: ಭಾಷೆಯ ಬಿರುಕು ಒಂದು ಮೆಟ್ಟಿಲಿನಿಂದ ಮತ್ತೊಂದಕ್ಕೆ ಸರಿಯುತ್ತ ಬಂದಿದೆಯೇ ಹೊರತು ಇಲ್ಲವಾಗಿಲ್ಲ. ಇಂಗ್ಲಿಷನ್ನು ಒಂದನೆಯ ತರಗತಿಗೆ ಇಳಿಸಿದರೆ ಬಿರುಕು ಕೆಳಕ್ಕೆ ಸರಿದೀತು, ಮುಚ್ಚಲಾರದು. ಪಿ.ಯು.ಸಿ. ಮತ್ತು ಪದವಿಯ ಹಂತದಲ್ಲಿ ಕನ್ನಡದಲ್ಲಿ ನಂಬತಕ್ಕ ಗ್ರಂಥಗಳೂ, ಇಂಗ್ಲಿಷನ್ನು ಭಾಷೆಯಾಗಿ ಚೆನ್ನಾಗಿ ಕಲಿಸುವ ಶಿಕ್ಷಕರೂ ಎರಡೂ ಬೇಕು. ದಾರುಲ್ ತರ್ಜುಮಾದ ಉದಾಹರಣೆಯನ್ನು ಈ ದೃಷ್ಟಿಯಿಂದ ನಮ್ಮ ವಿಶ್ವವಿದ್ಯಾಲಯಗಳು ಮತ್ತೊಮ್ಮೆ ಪರಿಶೀಲಿಸುವುದು ಉಚಿತ.

ಮೂರನೆಯದು ನಮ್ಮ ಶಾಸ್ತ್ರಕ್ಕೇ ಸಂಬಂಧಿಸಿದುದು. ಹಿಂದುಳಿದ ತಾಲೂಕೆಂಬ ಮಾತನ್ನು ಪದೇ ಪದೇ ಕೇಳುವ ವಿದ್ಯಾರ್ಥಿಯು ಅದನ್ನು ತನ್ನ ಊರಿನ ಹುಟ್ಟುಗುಣವೆಂದು ನಂಬುವ ಅಪಾಯವಿದೆ. ಹಿಂದುಳಿಯುವಿಕೆಗೆ ಇತಿಹಾಸವಿದೆ, ಆ ಇತಿಹಾಸಕ್ಕೆ ಕಾರಣಗಳಿವೆ, ಆ ಕಾರಣಗಳನ್ನು ಮನುಷ್ಯರೇ ಉಂಟುಮಾಡಿದರು, ಮನುಷ್ಯರೇ ಬದಲಿಸಬಲ್ಲರು ಎಂಬುದನ್ನು ತೋರಿಸಿಕೊಡುವುದು ಇತಿಹಾಸದ ಅಧ್ಯಾಪಕರ ಕರ್ತವ್ಯ.

ಇದಕ್ಕೆ ಬೇಕಾದ ಸಾಮಗ್ರಿ ನಮ್ಮ ಕೈಯಳತೆಯಲ್ಲಿಯೇ ಇದೆ. ಹಳೆಯ ಶಾಲೆಗಳ ದಾಖಲಾತಿ ಪುಸ್ತಕಗಳು, ಫಸಲಿ ವರ್ಷ ನಮೂದಿಸಿದ ಉರ್ದು ಕಾಗದಪತ್ರಗಳು, ಮಠಗಳ ಮತ್ತು ಕುಲಕರ್ಣಿ ಮನೆತನಗಳ ಮೋಡಿ ಕಡತಗಳು, ಇವೆಲ್ಲ ಗೆದ್ದಲಿಗೂ ಮಳೆನೀರಿಗೂ ಸಿಕ್ಕುವ ಮೊದಲು ಪರಿಶೀಲನೆಗೆ ಬರಬೇಕು. ಯಾವ ವರ್ಷ ಯಾವ ಮನೆಯ ಮಗು ಶಾಲೆಗೆ ಸೇರಿತು, ಯಾವ ತರಗತಿಯಲ್ಲಿ ಬಿಟ್ಟಿತು, ಬಿಟ್ಟುದಕ್ಕೆ ಯಾವ ಕಾರಣವನ್ನು ಬರೆಯಲಾಗಿದೆ ಎಂಬುದನ್ನು ಒಂದೊಂದು ಶಾಲೆಯ ಪುಸ್ತಕದಿಂದ ಕಲೆಹಾಕಿದರೆ ಈ ಸೀಮೆಯ ಸಾಮಾಜಿಕ ಇತಿಹಾಸದ ಒಂದು ದೊಡ್ಡ ಅಧ್ಯಾಯವೇ ಸಿದ್ಧವಾಗುತ್ತದೆ. ಆ ಕೆಲಸಕ್ಕೆ ಉರ್ದು ಮತ್ತು ಮೋಡಿ ಲಿಪಿಗಳನ್ನು ಓದಬಲ್ಲ ತರುಣರು ಬೇಕು. ಈ ಮೂರು ತಾಲೂಕುಗಳಿಂದ ನಮ್ಮ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳಿಗೆ ಆ ಲಿಪಿಗಳ ಪರಿಚಯ ಮಾಡಿಕೊಟ್ಟು, ಅವರವರ ಊರಿನ ಶಾಲೆಯ ಪುಸ್ತಕವನ್ನು ಅವರವರ ಕೈಗೆ ಕೊಟ್ಟು ಓದಿಸುವುದರಿಂದಲೇ ಈ ಕಾರ್ಯವನ್ನು ಆರಂಭಿಸಬಹುದೆಂಬುದು ನಮ್ಮ ಸೂಚನೆ.